ಹಿಮದ ಊರಿನ ಸೈಕಲ್ ದಾರಿ, ನಮ್ಮೂರಿನ ಮಳೆಗಾಲ

ಔಲು, ಫಿನ್ಲೆಂಡ್
ಜನವರಿ 2026

ಪ್ರೀತಿಯ ಅಕ್ಕಯ್ಯನಿಗೆ,

ಇಷ್ಟು ಚಳಿಯಲ್ಲಿ ಈ ಊರಿನವರು ಸೈಕಲ್ ತುಳಿಯುತ್ತಾರೆ ಎಂದದ್ದನ್ನು ನೀನು ನಂಬಲಿಲ್ಲ. ನಂಬಿದರೂ ಅದರಿಂದ ನಮ್ಮೂರು ಬೀಜಾಡಿಗೆ ಎಂತ ಪ್ರಯೋಜನ, ನಮ್ಮಲ್ಲಿ ಮಳೆ ಹಿಡಿದರೆ ಮಕ್ಕಳು ಸೈಕಲ್ ಮೂಲೆಗೆ ಒರಗಿಸಿ ಬಸ್ಸಿಗೆ ಕಾಯುವವರೇ ಎಂದು ಬರೆದಿದ್ದೀಯಲ್ಲ. ಆ ಮಾತಿಗೆ ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ. ನೀನು ದಿನವೂ ಹೈಸ್ಕೂಲು ಮಕ್ಕಳನ್ನು ನೋಡುವವಳು, ನಿನಗೇ ಇದು ಹೆಚ್ಚು ಬೇಕಾದ ವಿಷಯ. ಹಾಗಾಗಿ ಪತ್ರ ಉದ್ದವಾಗುತ್ತದೆ.

ಮೊದಲು ಊರಿನ ವಿಷಯ. ಔಲು ನಮ್ಮೂರಿನ ಹಾಗೆ ಕಡಲ ಬದಿಯ ಸಮತಟ್ಟು ಜಾಗ. ಆದರೆ ಇಲ್ಲಿಯ ಕಡಲು ಚಳಿಗಾಲದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಆರ್ಕ್ಟಿಕ್ ವೃತ್ತ ಇಲ್ಲಿಂದ ಉತ್ತರಕ್ಕೆ ಇನ್ನೂರು ಕಿಲೋಮೀಟರಿನ ಒಳಗೇ ಇದೆ. ಈ ತಿಂಗಳ ನಡುವಿನಲ್ಲಿ ಹಗಲು ಇರುವುದು ನಾಲ್ಕೈದು ಗಂಟೆ ಮಾತ್ರ, ಉಷ್ಣಾಂಶ ಸರಾಸರಿಯಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕೆಳಗೆ. ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ ಜನಸಂಖ್ಯೆಯ ಈ ಊರಲ್ಲಿ ಬೇಸಿಗೆಗಿಂತ ಚಳಿಗಾಲದಲ್ಲಿ ಸೈಕಲ್ ಕಮ್ಮಿಯಾಗುವುದು ನಿಜ. ಆದರೂ ಚಳಿಗಾಲದ ಓಡಾಟದಲ್ಲಿ ನೂರಕ್ಕೆ ಹನ್ನೆರಡರಷ್ಟು ಸೈಕಲ್ಲಿನಲ್ಲೇ ಆಗುತ್ತದೆ ಎಂದು ಇಲ್ಲಿಯವರು ಲೆಕ್ಕ ಕೊಡುತ್ತಾರೆ. ಮೆಟ್ಸೊಕಾಂಗಸ್ ಎಂಬ ಬಡಾವಣೆಯ ಶಾಲೆಯೊಂದು ಜಗತ್ತಿಗೇ ಗೊತ್ತಾದದ್ದು ಇದೇ ಕಾರಣಕ್ಕೆ. ಅಲ್ಲಿಯ ಸುಮಾರು 1,200 ಮಕ್ಕಳಲ್ಲಿ ಸಾವಿರದಷ್ಟು ಮಕ್ಕಳು ಸೊನ್ನೆಗಿಂತ 17 ಡಿಗ್ರಿ ಕೆಳಗಿನ ಚಳಿಯಲ್ಲೂ ಸೈಕಲ್ಲಿನಲ್ಲೇ ಬಂದಿದ್ದರು. ಚಳಿಗಾಲದ ಸೈಕಲ್ ಸವಾರಿಗೆಂದೇ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ಶುರುವಾದದ್ದೂ ಈ ಊರಿನಲ್ಲೇ.

ಇದಕ್ಕೆ ನೀನು ಕೊಡುವ ಕಾರಣ ನನಗೆ ಗೊತ್ತು: ಅವರಿಗೆ ಚಳಿ ಅಭ್ಯಾಸ, ಹುಟ್ಟಿದ ಲಾಗಾಯ್ತು ಅದರಲ್ಲೇ ಬೆಳೆದವರು. ಅಭ್ಯಾಸವೇ ಕಾರಣವಾಗಿದ್ದರೆ ಫಿನ್ಲೆಂಡಿನ ಎಲ್ಲ ಊರೂ ಹೀಗೇ ಇರಬೇಕಿತ್ತು. ರಾಜಧಾನಿ ಹೆಲ್ಸಿಂಕಿ ಇಲ್ಲಿಂದ ಬಹಳ ದಕ್ಷಿಣಕ್ಕಿದೆ, ಅಲ್ಲಿ ಚಳಿ ಇಲ್ಲಿಗಿಂತ ಎಷ್ಟೋ ಹಗುರ. ಜನ ಅದೇ ಜನ, ಭಾಷೆ ಅದೇ ಭಾಷೆ. ಆದರೂ ಚಳಿಗಾಲದಲ್ಲಿ ಸೈಕಲ್ ತುಳಿಯುವವರ ಪಾಲು ಔಲುವಿನಲ್ಲೇ ಹೆಚ್ಚು. ಚಳಿ ಹೆಚ್ಚಿದ್ದಲ್ಲಿ ಸೈಕಲ್ಲೂ ಹೆಚ್ಚು ಎಂದಾದರೆ, ಜನರನ್ನು ಸೈಕಲ್ಲಿನಿಂದ ಇಳಿಸುವುದು ಚಳಿ ಎಂಬ ಮಾತು ನಿಲ್ಲುವುದಿಲ್ಲ. ಚಳಿಗಾಲದಲ್ಲಿ ದಾರಿ ಹೇಗಿರುತ್ತದೆ ಎಂಬುದನ್ನು ನೋಡಬೇಕು. ನಮ್ಮೂರಿನ ಮಳೆಗಾಲಕ್ಕೂ ಇದೇ ಮಾತು ಹೊಂದುತ್ತದೆ ಎನ್ನುವುದು ನನ್ನ ವಾದ. ಸೈಕಲ್ ನಿಲ್ಲಿಸುವುದು ಬೀಳುವ ಮಳೆಯಲ್ಲ, ಬಿದ್ದ ಮೇಲೆ ದಾರಿಯಲ್ಲಿ ನಿಲ್ಲುವ ನೀರು.

ಇಲ್ಲಿಯ ದಾರಿಯನ್ನು ಬಗ್ಗಿ ನೋಡಿದರೆ ಗುಟ್ಟು ತಿಳಿಯುತ್ತದೆ. ಹಿಮವನ್ನು ಪೂರ್ತಿ ಬಳಿದು ಡಾಂಬರು ಕಾಣಿಸುವ ಹಾಗೆ ಮಾಡುವುದಿಲ್ಲ. ಮೇಲಿನ ಸಡಿಲ ಹಿಮವನ್ನು ಟ್ರಾಕ್ಟರಿನಿಂದ ಬದಿಗೆ ತಳ್ಳಿ, ಕೆಳಗಿನದನ್ನು ಗಟ್ಟಿ ಪದರವಾಗಿ ಕೂರಲು ಬಿಡುತ್ತಾರೆ. ಟ್ರಾಕ್ಟರಿನ ಮುಂದಿನ ಅಲಗಿಗೆ ಹಲ್ಲುಗಳಿರುತ್ತವೆ. ಅದು ಹೋದಲ್ಲೆಲ್ಲ ಪದರದ ಮೇಲೆ ದಾರಿಯುದ್ದಕ್ಕೂ ಸಣ್ಣ ಸಣ್ಣ ಗೀರು ಬೀಳುತ್ತದೆ, ಟಯರಿಗೆ ಹಿಡಿತ ಸಿಗುವುದು ಆ ಗೀರುಗಳಿಂದ. ಜಾರುವ ಕಡೆ ಮೆಣಸಿನ ಕಾಳಿನಷ್ಟು ದಪ್ಪದ ಜಲ್ಲಿಪುಡಿ ಎರಚುತ್ತಾರೆ, ಹಿಮ ಕರಗಿದ ಮೇಲೆ ಅದನ್ನು ಗುಡಿಸಿ ತೆಗೆಯುತ್ತಾರೆ. ಸೈಕಲ್ ದಾರಿಗೆ ಉಪ್ಪು ಹಾಕುವುದು ತೀರಾ ಕಮ್ಮಿ. ಉಪ್ಪು ಹಾಕಿದರೆ ಹಿಮ ಕರಗಿ ರಾಡಿಯಾಗುತ್ತದೆ, ರಾತ್ರಿ ಅದೇ ರಾಡಿ ಕನ್ನಡಿಯಂಥ ಮಂಜುಗಡ್ಡೆಯಾಗುತ್ತದೆ, ಸಾಲದ್ದಕ್ಕೆ ಚೈನು ತುಕ್ಕು ಹಿಡಿಯುತ್ತದೆ. ಕಡಲಗಾಳಿಗೆ ಸೈಕಲ್ ಚೈನು ಎಷ್ಟು ದಿನ ಬಾಳುತ್ತದೆ ಎಂದು ಬೀಜಾಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಹಿಮ ಬಿದ್ದರೆ ಜನ ಶಾಲೆಗೆ, ಕೆಲಸಕ್ಕೆ ಹೊರಡುವ ಮೊದಲೇ ಮುಖ್ಯ ಸೈಕಲ್ ದಾರಿಗಳ ಕೆಲಸ ಮುಗಿದಿರಬೇಕು, ಗುತ್ತಿಗೆಯ ಕರಾರೇ ಹಾಗಿದೆ. ದಾರಿಗಳಿಗೆ ದೀಪವಿದೆ. ದೊಡ್ಡ ರಸ್ತೆ ಅಡ್ಡ ಬಂದಲ್ಲಿ ಸೈಕಲ್ ದಾರಿ ಅದರ ಕೆಳಗೆ ನುಸುಳಿ ಹೋಗುತ್ತದೆ. ತುಳಿಯುವವರ ಸೈಕಲ್ಲೋ, ಮಡ್‌ಗಾರ್ಡ್, ಕ್ಯಾರಿಯರ್, ಬುಟ್ಟಿ ಇರುವ ಸಾದಾ ಸೈಕಲ್ಲು. ಮೊಳೆ ಕೂರಿಸಿದ ಚಳಿಗಾಲದ ಟಯರು ಕೆಲವರಲ್ಲಿ ಇದೆ, ಎಲ್ಲರಲ್ಲೂ ಇಲ್ಲ.

ಇನ್ನೂ ಒಂದು ವಿಷಯ ನಿನಗೆ ವಿಚಿತ್ರ ಅನ್ನಿಸಬಹುದು. ಸೈಕಲ್ಲಿಗೆ ಇಲ್ಲಿ ಕಷ್ಟದ ದಿನಗಳು ಕಡು ಚಳಿಯ ದಿನಗಳಲ್ಲ. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ಹಿಮ ಒಣಗಿ ಗಟ್ಟಿಯಾಗಿರುತ್ತದೆ, ಚಕ್ರ ಜಾರುವುದಿಲ್ಲ. ಸೊನ್ನೆಯ ಆಚೆ ಈಚೆ ಹೊಯ್ದಾಡುವ ದಿನ ಹಗಲು ಕರಗಿ ರಾತ್ರಿ ಗಟ್ಟಿಯಾಗುತ್ತದಲ್ಲ, ಆಗ ಜಾರಿ ಬೀಳುತ್ತಾರೆ. ಅಂದರೆ ಹವೆ ಎಷ್ಟು ಕಠಿಣ ಎನ್ನುವುದಕ್ಕೂ ದಾರಿ ಎಷ್ಟು ಕೆಟ್ಟಿದೆ ಎನ್ನುವುದಕ್ಕೂ ನೇರ ಸಂಬಂಧವಿಲ್ಲ.

ಈಗ ನಮ್ಮೂರಿಗೆ ಬಾ. ಇಡೀ ವರ್ಷ ಇಲ್ಲಿ ಬೀಳುವ ಹಿಮ, ಮಳೆ ಎರಡೂ ಸೇರಿ ನೀರಿನ ಲೆಕ್ಕದಲ್ಲಿ ಸುಮಾರು 500 ಮಿಲಿಮೀಟರ್. ನಮ್ಮ ಉಡುಪಿ ಜಿಲ್ಲೆಯಲ್ಲಿ ಬೀಳುವುದು 4,000 ಮಿಲಿಮೀಟರಿಗೂ ಹೆಚ್ಚು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಇಷ್ಟು ಮಳೆಗೆ ಸೈಕಲ್ ಎಲ್ಲಿ ಎನ್ನುವುದು ಮೇಲ್ನೋಟಕ್ಕೆ ನ್ಯಾಯದ ಮಾತೇ. ಆದರೆ ಇದೇ ಮಳೆಯಲ್ಲಿ ನಮ್ಮ ಹೆಂಗಸರು ತಲೆಯ ಮೇಲೆ ಗೊರಬು ಹಾಕಿಕೊಂಡು ದಿನವಿಡೀ ಬಗ್ಗಿ ನೇಜಿ ನೆಟ್ಟಿದ್ದಾರೆ. ಮಳೆ ಎಂದು ನಾಟಿ ನಿಲ್ಲಿಸಿದವರಿಲ್ಲ. ನಮ್ಮ ಮಳೆ ಹೊಯ್ದು, ಹೊಳವಾಗಿ, ಮತ್ತೆ ಹೊಯ್ಯುವ ಮಳೆ. ರೈನ್‌ಕೋಟು ಹಾಕಿ ಎರಡು ಮೂರು ಕಿಲೋಮೀಟರ್ ತುಳಿಯುವ ಹುಡುಗಿಯೂ ಬಸ್‌ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ನಿಂತ ಹುಡುಗಿಯೂ ಒದ್ದೆಯಾಗುವುದು ಹೆಚ್ಚುಕಮ್ಮಿ ಒಂದೇ ಅಳತೆಗೆ.

ಸೈಕಲ್ ತುಳಿಯುವ ಹುಡುಗಿಯನ್ನು ಇಳಿಸುವುದು ರಸ್ತೆಯ ಅಂಚು. ಆಟಿ ತಿಂಗಳಿನಲ್ಲಿ ನಮ್ಮ ಯಾವ ಒಳರಸ್ತೆಯನ್ನಾದರೂ ನೋಡು. ಡಾಂಬರಿನ ಅಂಚು ಕೊರೆದು ಹೋಗಿರುತ್ತದೆ, ಅದರ ಪಕ್ಕದಲ್ಲೇ ಗೇಣು ಆಳಕ್ಕೆ ಕೆಂಪು ಕೆಸರು. ಹೊಂಡದ ಮೇಲೆ ನೀರು ನಿಂತು ಆಳ ಎಷ್ಟೆಂದು ಕಾಣುವುದಿಲ್ಲ. ಚರಂಡಿಯ ಬಾಯಿಗೆ ತೆಂಗಿನ ಮಡಲು, ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿಕೊಂಡಿರುತ್ತದೆ. ಗೇಟಿಗೆ ದಾರಿ ಬೇಕೆಂದು ಚರಂಡಿಗೆ ಮಣ್ಣು ತುಂಬಿ, ಒಳಗೆ ಸಣ್ಣದೊಂದು ಪೈಪು ಇಟ್ಟ ಮನೆಗಳ ಎದುರು ನೀರು ರಸ್ತೆಗೇ ಹತ್ತುತ್ತದೆ. ಕಾರಿನವನಿಗೆ ಇದು ಒಂದು ಕುಲುಕು, ಸ್ಕೂಟರಿನವನಿಗೆ ನಡುರಸ್ತೆಗೆ ಸರಿದುಕೊಳ್ಳುವ ಕೆಲಸ. ಅಂಚಿನಲ್ಲೇ ಹೋಗಬೇಕಾದ ಸೈಕಲ್ಲಿಗೆ ಮಾತ್ರ ಹೋಗಲು ಜಾಗವೇ ಉಳಿಯುವುದಿಲ್ಲ. ಇದು ಸರಿಮಾಡಲಾಗದ್ದೇನೂ ಅಲ್ಲ: ಮರಳು ಮಿಶ್ರಿತ ನೆಲ ನಮ್ಮದು, ದಾರಿ ಬಿಟ್ಟುಕೊಟ್ಟರೆ ನೀರು ಬೇಗ ಇಳಿಯುತ್ತದೆ.

ಸರಿಮಾಡಲು ದುಡ್ಡು ಎಲ್ಲಿಂದ ಎಂದು ಕೇಳುತ್ತೀ. ಫಿನ್ಲೆಂಡ್ ಶ್ರೀಮಂತ ದೇಶ, ಬೀಜಾಡಿ ಪಂಚಾಯಿತಿಗೆ ಅಷ್ಟು ಕೈ ಹರಿಯುತ್ತದೆಯೇ ಎಂದು. ಈ ಪ್ರಶ್ನೆಗೆ ಪಕ್ಕದ ಸ್ವೀಡನ್ನಿನ ಕಾರ್ಲ್ಸ್‌ಕೂಗಾ ಎಂಬ ಸಣ್ಣ ಪಟ್ಟಣದಲ್ಲಿ ಉತ್ತರ ಇದೆ. ಅಲ್ಲಿ ಮೊದಲು ದೊಡ್ಡ ರಸ್ತೆಯ ಹಿಮ ತೆಗೆದು, ಕಾಲುದಾರಿ, ಸೈಕಲ್ ದಾರಿಗಳನ್ನು ಕಡೆಗೆ ಇಟ್ಟುಕೊಳ್ಳುತ್ತಿದ್ದರು. 2011ರ ಸುಮಾರಿಗೆ ಈ ಸರದಿಯನ್ನು ತಿರುಗಿಸಿದರು. ಹಿಮ ಅಷ್ಟೇ, ಕೆಲಸವೂ ಅಷ್ಟೇ; ಯಾವುದು ಮೊದಲು ಎನ್ನುವುದು ಮಾತ್ರ ಬದಲಾಯಿತು. ಸ್ವೀಡನ್ನಿನಲ್ಲಿ ಹಿಮಕ್ಕೆ ಜಾರಿ ಆಸ್ಪತ್ರೆ ಸೇರುವವರಲ್ಲಿ ಕಾರಿನವರಿಗಿಂತ ನಡೆದು ಹೋಗುವವರು ಹೆಚ್ಚು, ಅವರಲ್ಲೂ ಹೆಂಗಸರು ಹೆಚ್ಚು. ಮೂಳೆ ಮುರಿತದ ಖರ್ಚು ಸೇರಿಸಿ ನೋಡಿದರೆ ಹಳೆಯ ಸರದಿಯೇ ದುಬಾರಿ. ನಮ್ಮಲ್ಲೂ ಮಳೆಗಾಲದ ಮೊದಲು ಚರಂಡಿ ಬಿಡಿಸುವ ಕೆಲಸ ಹೊಸತಲ್ಲ, ಅದಕ್ಕೆ ದುಡ್ಡೂ ತೆಗೆದಿಡುತ್ತಾರೆ. ಶಾಲೆಗೆ ಹೋಗುವ ದಾರಿಯ ಚರಂಡಿ ಮೊದಲು, ಉಳಿದದ್ದು ಆಮೇಲೆ ಎಂದು ಸರದಿ ಬರೆಯಲು ಹೊಸ ಅನುದಾನ ಬೇಡ. ಗ್ರಾಮಸಭೆಯಲ್ಲಿ ಒಂದು ನಿರ್ಣಯ ಸಾಕು.

ದಾರಿ ಸರಿಯಾದರೂ ಜನ ಬರುತ್ತಾರೆಂದು ಏನು ಖಾತ್ರಿ? ಸ್ವೀಡನ್ನಿನ ಅನ್ನಾ ಬರ್ಗ್‌ಸ್ಟ್ರೋಮ್ ಮತ್ತು ರೊಲ್ಫ್ ಮಾಗ್ನುಸನ್ ಲುಲಿಯೊ, ಲಿನ್‌ಶೋಪಿಂಗ್ ಪಟ್ಟಣಗಳ ನೌಕರರನ್ನು ಕೇಳಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಅಳತೆಯ ಉತ್ತರ ಕೊಡುತ್ತದೆ. ಚಳಿಗಾಲದ ದಾರಿ ನಿರ್ವಹಣೆ ಸುಧಾರಿಸಿದರೆ ಸೈಕಲ್ ಓಡಾಟ ಶೇ. 18ರಷ್ಟು ಹೆಚ್ಚಬಹುದು, ಕಾರಿನ ಓಡಾಟ ಶೇ. 6ರಷ್ಟು ಇಳಿಯಬಹುದು ಎಂದರು. ಪವಾಡದ ಅಂಕೆಯಲ್ಲ ಇದು. ಎಲ್ಲರೂ ಸೈಕಲ್ ಹತ್ತುತ್ತಾರೆಂದು ನಾನೂ ಹೇಳುವುದಿಲ್ಲ. ತುಳಿಯಲು ಮನಸ್ಸಿದ್ದೂ ದಾರಿಗೆ ಹೆದರಿ ಬಿಟ್ಟವರು ತಿರುಗಿ ಬರುತ್ತಾರೆ.

ನಮ್ಮಲ್ಲಿ ಆ ಬಿಟ್ಟವರು ಹೆಚ್ಚಾಗಿ ನಿನ್ನ ತರಗತಿಯ ಮಕ್ಕಳು. ಮನೆಗೊಂದು ಸ್ಕೂಟರ್ ಇರುವಾಗ ಸೈಕಲ್ ಯಾರಿಗೆ ಬೇಕು ಎಂಬ ಮಾತು ಅವರ ಮಟ್ಟಿಗೆ ಸಲ್ಲುವುದಿಲ್ಲ. ಹೈಸ್ಕೂಲು ಮಕ್ಕಳಿಗೆ ಲೈಸನ್ಸ್ ಇಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಮಕ್ಕಳ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲಿಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸಜೆ. ಬಸ್ಸು, ಆಟೋ, ಇಲ್ಲವಾದರೆ ಯಾರಾದರೂ ಕರೆದುಕೊಂಡು ಹೋಗಬೇಕು. ತಾನೇ ಹೊರಟು ತಾನೇ ತಲುಪುವ ಸ್ವಾತಂತ್ರ್ಯ ಆ ವಯಸ್ಸಿಗೆ ಕೊಡುವುದು ಸೈಕಲ್ ಒಂದೇ. ಆ ಸ್ವಾತಂತ್ರ್ಯದ ಬೆಲೆ ಎಷ್ಟೆಂದು ಬಿಹಾರದಲ್ಲಿ ಕಂಡಿದೆ. ಅಲ್ಲಿ 2006ರಲ್ಲಿ ಹೈಸ್ಕೂಲಿನ ಹುಡುಗಿಯರಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ, ಅವರ ದಾಖಲಾತಿ ಶೇ. 32ರಷ್ಟು ಹೆಚ್ಚಿತು, ಹುಡುಗ-ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ಕಮ್ಮಿಯಾಯಿತು ಎಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಲೆಕ್ಕ ಹಾಕಿದ್ದಾರೆ. ನಮ್ಮ ರಾಜ್ಯದಲ್ಲೂ 2006-07ರಿಂದ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಬಂತು, ಕೋವಿಡ್ ಕಾಲಕ್ಕೆ ನಿಂತಿತು. ಸೈಕಲ್ ಮತ್ತೆ ಕೊಡಲಿ ಎಂದು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ಜೂನ್ ಒಂದರ ಆಸುಪಾಸಿನಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರುವಾಗುವ ಊರಲ್ಲಿ, ಕೊಟ್ಟ ಸೈಕಲ್ ಮೊದಲ ನಾಲ್ಕು ತಿಂಗಳು ಜಗಲಿಯಲ್ಲೇ ನಿಂತರೆ ಎಂತ ಮಾಡುವುದು ಎಂದು ಕೇಳುವವರು ಕಮ್ಮಿ.

ನಿನ್ನ ಮಾತುಗಳಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗುವುದು ಹೆದ್ದಾರಿಯ ಭಯ. ಬೀಜಾಡಿಯಿಂದ ಕೋಟೇಶ್ವರಕ್ಕೋ ಕುಂದಾಪುರಕ್ಕೋ ಹೋಗುವ ಮಗುವನ್ನು ಹೆದ್ದಾರಿ 66ರ ಲಾರಿ, ಬಸ್ಸುಗಳ ಪಕ್ಕಕ್ಕೆ ಬಿಡು ಎಂದು ನಾನು ಯಾವ ತಾಯಿಗೂ ಹೇಳಲಾರೆ. ಮಳೆಯಲ್ಲಿ ಲಾರಿ ಎರಚುವ ನೀರಿಗೆ ಒಂದು ಗಳಿಗೆ ಕಣ್ಣೇ ಕಾಣುವುದಿಲ್ಲ. ತಿರುಗುವ ಜಾಗ ದೂರವಿದ್ದಲ್ಲಿ ಎದುರು ದಿಕ್ಕಿನಿಂದಲೇ ಸೈಕಲ್, ಸ್ಕೂಟರ್ ಬರುವುದೂ ಇದೆ. ಇದಕ್ಕೆ ಧೈರ್ಯ ಮದ್ದಲ್ಲ. ಔಲುವಿನ ಮಕ್ಕಳೂ ಲಾರಿಯ ಪಕ್ಕ ತುಳಿಯುವುದಿಲ್ಲ, ಅವರ ದಾರಿಯೇ ಬೇರೆ. ಆ ದಾರಿಗಳೂ ಒಂದು ವರ್ಷದಲ್ಲಿ ಆದವಲ್ಲ, 1970ರ ದಶಕದಿಂದ ತುಂಡು ತುಂಡಾಗಿ ಕಟ್ಟಿಕೊಂಡು ಬಂದವು. ನಮ್ಮಲ್ಲಿ ನಡುನಡುವೆ ಕಡಿದುಹೋಗದ ಸರ್ವಿಸ್ ರಸ್ತೆ, ಅದಕ್ಕೆ ದೀಪ, ಅದರ ಬದಿಯಲ್ಲಿ ನೀರು ಹರಿದುಹೋಗುವ ಚರಂಡಿ ಬೇಕು. ಇದು ಪಂಚಾಯಿತಿಯ ಕೈಮೀರಿದ್ದು, ಹೆದ್ದಾರಿ ಪ್ರಾಧಿಕಾರದವರನ್ನೇ ಕೇಳಬೇಕು. ಅದು ಆಗುವ ತನಕ ಹೆದ್ದಾರಿ ಮುಟ್ಟದೆ ಶಾಲೆ ತಲುಪುವ ಮಕ್ಕಳ ಒಳರಸ್ತೆಯನ್ನಾದರೂ ಸರಿಮಾಡಬಹುದು. ಬರೀ ಬಣ್ಣ ಬಳಿದು, ಕಂಬ ನೆಟ್ಟು ಸೈಕಲ್ ದಾರಿ ಎಂದರೆ ಸಾಲದು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಮಾಡಿದ ಸೈಕಲ್ ಪಥಕ್ಕೆ ಬೈಕುಗಳು ನುಗ್ಗಿದವು, ಕಂಬಗಳು ಒಂದೊಂದಾಗಿ ಹೋದವು.

ನಿನ್ನಿಂದ ನನಗೊಂದು ಉಪಕಾರ ಆಗಬೇಕು. ನಿನ್ನ ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಈ ಫೆಬ್ರವರಿಯಲ್ಲಿ ಎಷ್ಟು ಸೈಕಲ್ ನಿಲ್ಲುತ್ತವೆ ಎಂದು ಒಂದು ವಾರ ಮಕ್ಕಳ ಹತ್ತಿರವೇ ಎಣಿಸಿ ಬರೆಸಿಡು. ಜುಲೈಯಲ್ಲಿ ಮತ್ತೊಂದು ವಾರ ಎಣಿಸಲಿ. ಬಿಟ್ಟವರು ಯಾವ ಜಾಗದ ದಾರಿಗೆ ಹೆದರಿ ಬಿಟ್ಟರು ಎಂದು ಅವರನ್ನೇ ಕೇಳಿ, ಊರಿನ ನಕ್ಷೆಯಲ್ಲಿ ಗುರುತು ಹಾಕಿಸು. ಮಳೆ ಜೋರಿದ್ದ ದಿನ ಬಂದವರೆಷ್ಟು, ಮಳೆ ನಿಂತು ದಾರಿಯಲ್ಲಿ ನೀರು ಉಳಿದ ದಿನ ಬಂದವರೆಷ್ಟು ಎಂದು ಬೇರೆ ಬೇರೆ ಬರೆದುಕೊಂಡರೆ ನನ್ನ ವಾದ ಸರಿಯೋ ತಪ್ಪೋ ತಿಳಿಯುತ್ತದೆ. ತಪ್ಪೆಂದು ಕಂಡರೂ ಹಾಗೇ ಬರೆದು ಕಳಿಸು. ಸರಿಯೆಂದಾದರೆ ಮುಂದಿನ ಗ್ರಾಮಸಭೆಗೆ ಆ ಹಾಳೆಯನ್ನು ನೀನೇ ತೆಗೆದುಕೊಂಡು ಹೋಗಬೇಕು, ಮಕ್ಕಳನ್ನೂ ಕರೆದುಕೊಂಡು.

ನಿನ್ನ ತಮ್ಮ