ಯೆಜ್ಡಿಯ ಜಾತಕ

ಮೈಸೂರಿನ ಹೆಸರನ್ನು ಹೊರನಾಡಿಗೆ ಒಯ್ದ ವಸ್ತುಗಳು ಯಾವುವೆಂದು ಕೇಳಿದರೆ ನಮ್ಮವರು ರೇಷ್ಮೆ, ಗಂಧದ ಸಾಬೂನು, ಊದಿನಕಡ್ಡಿ, ಪಾಕು ಎಂದು ನಾಲ್ಕು ಬೆರಳು ಮಡಿಸಿ ನಿಲ್ಲಿಸುತ್ತಾರೆ. ಐದನೆಯ ಬೆರಳನ್ನು ನಾವು ಯೆಜ್ಡಿ ಮೋಟಾರ್ ಸೈಕಲ್ಲಿಗೆ ಮೀಸಲಿಟ್ಟಿದ್ದೇವೆ. ನಾವೇನೂ ಇಂಜಿನಿಯರುಗಳಲ್ಲ, ಬಿ.ಎಸ್ಸಿ. ಮುಗಿಸಿ ದೆಹಲಿಯಲ್ಲಿ ಸರಕಾರಿ ಕಡತಗಳ ನಡುವೆ ಕುಳಿತವರು. ಆದರೂ ಈ ಗಾಡಿಯ ಜಾತಕ ನಮಗೆ ತಕ್ಕಮಟ್ಟಿಗೆ ಗೊತ್ತು.

ಜಾತಕದ ಮೊದಲ ಮನೆ ಪ್ರಾಗ್ ನಗರ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ಲಿನ ಹಕ್ಕನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಬೆಸೆದು ‘ಜಾವಾ’ ಎಂದು ಕರೆದ. ನಮ್ಮಲ್ಲಿ ಇರಾನಿ ಮನೆತನದವರು 1960ರಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದರು. ಮರುವರ್ಷ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ನಡೆಯತೊಡಗಿತು. ಉದ್ಘಾಟಿಸಿದವರು ಜಯಚಾಮರಾಜ ಒಡೆಯರು. ಮೊದಮೊದಲು ಚೆಕೊಸ್ಲೊವಾಕಿಯಾದಿಂದ ಬರುತ್ತಿದ್ದ ಬಿಡಿಭಾಗಗಳು ಕ್ರಮೇಣ ಇಲ್ಲಿಯೇ ತಯಾರಾದವು. 1970ರ ದಶಕದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಎಂದಾಯಿತು.

250 ಸಿ.ಸಿ.ಯ ಆ ಇಂಜಿನ್ನಿನಲ್ಲಿ ಇದ್ದದ್ದು ಒಂದೇ ಸಿಲಿಂಡರು. ಆದರೆ ಸೈಲೆನ್ಸರು ಎರಡು. ಗೇರು ಹಾಕುವ ಸನ್ನೆಯನ್ನೇ ಒಳಕ್ಕೆ ಒತ್ತಿ ಮೇಲಕ್ಕೆತ್ತಿದರೆ ಅದೇ ಕಿಕ್ಕರು. ಒಂದೇ ತಟ್ಟೆಯಲ್ಲಿ ತಿಂಡಿಯನ್ನೂ ಊಟವನ್ನೂ ಮುಗಿಸುವ ಸಂಸಾರಸ್ಥರ ಜಾಣತನವಿದು. ಕಾಲಿನಿಂದ ಗೇರು ಒತ್ತಿದಾಗ ಕ್ಲಚ್ಚು ತಾನಾಗಿಯೇ ಬಿಡುತ್ತಿತ್ತು. ಸರಪಳಿಗೆ ಪೂರ್ತಿ ಮುಚ್ಚಳವಿದ್ದುದರಿಂದ ಹಿಂದೆ ಕೂತವರ ಸೀರೆಯ ಅಂಚಿಗೆ ಗ್ರೀಸಿನ ಭಯವಿರಲಿಲ್ಲ.

ಹಳೆಯ ಜಾವಾದ ಶಕ್ತಿ ಸುಮಾರು 12 ಅಶ್ವಶಕ್ತಿ. 1978ರಲ್ಲಿ ಬಂದ ರೋಡ್‌ಕಿಂಗ್ ಅದನ್ನು 16ಕ್ಕೆ ಏರಿಸಿತು. ಇಷ್ಟು ಸಣ್ಣ ಇಂಜಿನ್ನಿಗೆ ಆ ಚುರುಕು ಎಲ್ಲಿಂದ ಬಂತು? ಲೆಕ್ಕ ಸರಳ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಒಮ್ಮೆ ಪೆಟ್ರೋಲು ಸಿಡಿಯುತ್ತದೆ. ಎರಡು ಸ್ಟ್ರೋಕಿನದರಲ್ಲಿ ಪ್ರತಿ ಸುತ್ತಿಗೂ ಸಿಡಿಯುತ್ತದೆ. ಕವಾಟಗಳ ರಗಳೆಯಿಲ್ಲ, ಪಿಸ್ಟನ್ನೇ ಏರಿಳಿಯುತ್ತ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ.

ಜಾತಕದ ದೋಷವೂ ಇಲ್ಲೇ ಇದೆ. ಹೊಸ ಪೆಟ್ರೋಲು ಮತ್ತು ಗಾಳಿ ಒಳಗೆ ನುಗ್ಗುವಾಗ ಹೊಗೆ ಹೋಗುವ ಕಿಂಡಿಯೂ ತೆರೆದೇ ಇರುತ್ತದೆ. ಒಂದಷ್ಟು ಪೆಟ್ರೋಲು ಉರಿಯದೆಯೇ ಹೊರಗೆ ಹೋಗುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಸುಟ್ಟು ನೀಲಿ ಹೊಗೆಯಾಗುತ್ತದೆ. ಯಾವ ಗುಣ ಅದನ್ನು ಓಡಿಸಿತೋ ಅದೇ ಗುಣ ಹೊಗೆಯನ್ನೂ ಉಗುಳಿತು.

1983ರಲ್ಲಿ ಫರೀದಾಬಾದಿನ ಎಸ್ಕಾರ್ಟ್ಸ್‌ನವರ ರಾಜದೂತ್ 350 ಬಂತು. ಅದಕ್ಕೆ ಎರಡು ಸಿಲಿಂಡರು. ಓಟ ಮಿಂಚಿನದು, ಪೆಟ್ರೋಲಿನ ದಾಹವೂ ಅಷ್ಟೇ. 1985ರಲ್ಲಿ ಯಮಾಹಾ ಆರ್.ಎಕ್ಸ್. 100 ಬಂದು 98 ಸಿ.ಸಿ.ಯಲ್ಲೇ 11 ಅಶ್ವಶಕ್ತಿ ತೋರಿಸಿತು. ಅದೇ ವರ್ಷ ಹೀರೋ ಹೋಂಡಾ ನಾಲ್ಕು ಸ್ಟ್ರೋಕಿನ ಗಾಡಿಯೊಂದಿಗೆ ಬಂದಿತು. ಸಂಬಳದವರು ಸಹಜವಾಗಿ ಲೀಟರಿಗೆಷ್ಟು ಮೈಲೇಜು ಎಂದು ಕೇಳಿದರು. 1996ರಲ್ಲಿ ಹೊಗೆಯ ನಿಯಮಗಳು ಬಿಗಿಯಾದವು. ಯಾದವಗಿರಿಯ ಕಾರ್ಖಾನೆಯೂ ಆ ವರ್ಷವೇ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಎಂಬ ಹೆಸರು ಮತ್ತೆ ಮಾರುಕಟ್ಟೆಗೆ ಬಂದದ್ದು ನಿಜ. ಆದರೆ ಆ ಗಾಡಿಗಳದು 334 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ಇಂಜಿನ್ನು. ಹುಟ್ಟೂರು ಮಧ್ಯಪ್ರದೇಶದ ಪೀಥಂಪುರ.

ಇಷ್ಟೆಲ್ಲ ಹೇಳಲು ಮನೆಯ ಕಾರಣವೊಂದಿದೆ. ನಮ್ಮ ತಂದೆಯವರು 1984ರಲ್ಲಿ ಕೊಂಡ ರೋಡ್‌ಕಿಂಗ್ ಅವರ ತರುವಾಯ ನಮ್ಮೊಡನೆ ದೆಹಲಿಗೆ ಬಂದಿತ್ತು. ಹದಿನೈದು ವರ್ಷ ದಾಟಿದ ವಾಹನಗಳು ಇಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2014ರಲ್ಲಿ ಆದೇಶಿಸಿತು. ಪೆಟ್ರೋಲ್ ಗಾಡಿಗಳ ಮಟ್ಟಿಗೆ 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಗಾಡಿ ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೆ ಸೇರಿತು. ಗುಜರಿಯವನು ಎರಡು ಸಲ ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋದ. ಸಹೋದ್ಯೋಗಿಗಳು, “ನಿಮ್ಮದೊಂದು ಗಾಡಿಯಿಂದ ದೆಹಲಿ ಕೆಡುತ್ತದೆಯೇ ಸಾರ್?” ಎಂದು ನಮ್ಮ ಪರವಾಗಿ ವಾದಿಸಿದರು.

ಆ ವಾದವನ್ನು ನಾವು ಒಪ್ಪಲಾಗಲಿಲ್ಲ. ದೀಪಾವಳಿ ಕಳೆಯಿತೆಂದರೆ ನಮ್ಮ ಮಗಳಿಗೆ ಉಬ್ಬಸ. ರಾತ್ರಿ ಅವಳ ಎದೆಯ ಸಿಳ್ಳನ್ನು ಕೇಳುತ್ತ ಕುಳಿತವರಿಗೆ, ಹೊಗೆ ಒಬ್ಬರದಾದರೇನು, ಹತ್ತು ಜನರದಾದರೇನು? ಹಾಗೆಂದು ಅಪ್ಪನ ಕೈ ಸವೆಸಿದ ಹ್ಯಾಂಡಲನ್ನು ತೂಕಕ್ಕೆ ಹಾಕಲೂ ಮನಸ್ಸು ಬರಲಿಲ್ಲ.

ಕೊನೆಗೆ ಮೈಸೂರಿನಲ್ಲಿರುವ ತಮ್ಮನೇ ಫೋನಿನಲ್ಲಿ, “ಅಣ್ಣಾ, ಇಲ್ಲಿಗೆ ಕಳಿಸಿಬಿಡು. ದಿನಾ ಓಡಿಸಲ್ಲ, ಕೆಡದ ಹಾಗೆ ನೋಡ್ಕೋತೀನಿ” ಅಂದ. 2019ರ ಬೇಸಗೆಯಲ್ಲಿ ಕಾಗದಪತ್ರ ಸರಿಪಡಿಸಿ, ಟ್ಯಾಂಕಿನ ಪೆಟ್ರೋಲು ಬಸಿದು, ಗೋಣಿತಾಟು ಸುತ್ತಿಸಿ ನಿಜಾಮುದ್ದೀನಿನ ಪಾರ್ಸಲ್ ಆಫೀಸಿಗೆ ಒಪ್ಪಿಸಿದೆವು. ಅಲ್ಲಿ ಅಮ್ಮ ಕೇಳಿದ್ದು ಒಂದೇ ಪ್ರಶ್ನೆಯಂತೆ: “ಸೀಟು ಅದೇ ಇದೆಯೇನೋ?”

ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ಅಭಿಮಾನಿಗಳು ತಂತಮ್ಮ ಊರುಗಳಲ್ಲಿ ಸೇರುತ್ತಾರೆ. ತಮ್ಮ ಅಂದು ಗಾಡಿಯನ್ನು ಒರೆಸಿ ಹೊರಗೆ ತೆಗೆಯುತ್ತಾನೆ. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಮಗಳು ತಾನೂ ಸ್ಟಾರ್ಟ್ ಮಾಡುತ್ತೇನೆಂದು ಹಟ ಹಿಡಿದಳು. ಸನ್ನೆಯನ್ನು ಒತ್ತಿ ಎತ್ತುವುದನ್ನು ತೋರಿಸಿಕೊಟ್ಟೆವು. ಎರಡು ಒದೆತಕ್ಕೆ ಗಾಡಿ ಜಗ್ಗಲಿಲ್ಲ. ಮೂರನೆಯದಕ್ಕೆ ಎರಡೂ ಸೈಲೆನ್ಸರುಗಳು ಒಟ್ಟಿಗೆ ದನಿಗೂಡಿಸಿದವು. ಮಗಳು ಮೊದಲು ಮೂಗು ಮುಚ್ಚಿಕೊಂಡಳು, ಆಮೇಲೆ ನಕ್ಕಳು.