ಕಟ್ಟೆಯ ಕೆಳಗೆ ಯಾರಿದ್ದಾರೆ?

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯಲ್ಲಿ ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸುವುದು ಹಳೆಯ ರೂಢಿ. ಎಲ್ಲ ಕೆರೆಗಳನ್ನೂ ಅರಸರೇ ಕಟ್ಟಿಸಲಿಲ್ಲ. ಕೆರೆ ಕಟ್ಟಿಸಿದವರಿಗೆ, ಅದನ್ನು ಕಾಯ್ದವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರೆಂದು ಕನ್ನಡ ಶಾಸನಗಳು ಹೇಳುತ್ತವೆ. ಅದಕ್ಕೆ ‘ಕಟ್ಟುಗೊಡಗೆ’ ಎಂದು ಹೆಸರು.

ನಾನು ಮಕ್ಕಳೊಂದಿಗೆ ನೋಡಲು ಹೋದ ಕಟ್ಟೆಯೂ ಒಬ್ಬ ರೈತರ ಸ್ವಂತದ್ದು. ಮಕ್ಕಳು ಅವರನ್ನು ಮುತ್ಯಾ ಎನ್ನುತ್ತಾರೆ. ಏರಿ ಎರಡಾಳು ಎತ್ತರವಿತ್ತು. ಒಂದು ತುದಿಗೆ ಕಲ್ಲಿನ ಕೋಡಿ. ತೆಲುಗಿನವರು ಅದನ್ನು ಅಲುಗು ಎನ್ನುತ್ತಾರೆ. ನಮ್ಮ ತೂಬು ಅವರಿಗೆ ತೂಮು. ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿಯಿಂದಲೇ ಹೋಗಬೇಕು. ಕೋಡಿಗೆ ಕಸ ಕಟ್ಟಿದರೆ ನೀರು ಏರಿಯ ಮೇಲೆ ಹತ್ತಿ ಹರಿಯುತ್ತದೆ. ಆಗ ಮಣ್ಣು ನಿಲ್ಲುವುದಿಲ್ಲ, ಕೊಚ್ಚಿ ಹೋಗುತ್ತದೆ.

ಮುತ್ಯಾ ನಮಗೆ ಇಲಿ, ಏಡಿಗಳ ಬಿಲಗಳನ್ನು ತೋರಿಸಿದರು. ಏರಿಯ ಬುಡದಲ್ಲಿ ಸ್ವಲ್ಪ ನೀರು ಜಿನುಗುತ್ತಿತ್ತು. ಅದನ್ನು ಬೊಗಸೆಯಲ್ಲಿ ಹಿಡಿದು, “ನೋಡ್ರಿ, ತಿಳಿ ಇದೆ. ಕೆಂಪಗೆ ಬಂದರೆ ಒಳಗಿನ ಮಣ್ಣು ಹೊರಟಿದೆ ಅಂತ ತಿಳೀಬೇಕು. ಆ ರಾತ್ರಿ ನನಗೆ ನಿದ್ದೆ ಇಲ್ಲ” ಎಂದರು.

ಐದನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸರ್, ಈ ಕಟ್ಟೆ ಗಟ್ಟಿಯೋ, ಅಪಾಯದ್ದೋ?”

ಒಳ್ಳೆಯ ಪ್ರಶ್ನೆ. ಆದರೆ ಅದರಲ್ಲಿ ಎರಡು ಪ್ರಶ್ನೆಗಳಿವೆ. ಕಟ್ಟೆ ಹೇಗಿದೆ ಎಂಬುದು ಒಂದು. ಒಡೆದರೆ ಕೆಳಗೆ ಯಾರಿಗೆ ಏನಾಗುತ್ತದೆ ಎಂಬುದು ಇನ್ನೊಂದು. ಎಂಜಿನಿಯರುಗಳು ಅಪಾಯದ ವರ್ಗವನ್ನು ಗೊತ್ತುಮಾಡುವುದು ಎರಡನೆಯದರಿಂದ. ಕೆಳಗೆ ಬರೀ ಹೊಲವಿದ್ದರೆ ಕೆಳಗಿನ ವರ್ಗ. ಮನೆಗಳಿದ್ದರೆ, ಕಟ್ಟೆ ಎಷ್ಟೇ ಗಟ್ಟಿಯಾಗಿರಲಿ, ಮೇಲಿನ ವರ್ಗ.

ಮಕ್ಕಳೆಲ್ಲ ತಿರುಗಿ ಕೆಳಗೆ ನೋಡಿದರು. ಹಿಂದೆ ತೊಗರಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮನೆಗಳು, ಒಂದು ಅಂಗನವಾಡಿ. ಏರಿಯ ಒಂದು ಹಿಡಿ ಮಣ್ಣೂ ಬದಲಾಗಿರಲಿಲ್ಲ. ವರ್ಗ ಮಾತ್ರ ಬದಲಾಗಿತ್ತು.

ಮುತ್ಯಾನಿಗೆ ಇದು ಹಿಡಿಸಲಿಲ್ಲ. “ಮೊದಲು ಕಟ್ಟೆ ಬಂತು, ಆಮೇಲೆ ಮನೆ ಬಂದವು. ಕೆಟ್ಟ ಹೆಸರು ನನ್ನ ಕಟ್ಟೆಗೆ ಯಾಕ್ರೀ ಮಾಸ್ತರ?” ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ದುರಸ್ತಿಯ ಖರ್ಚು ಅವರದೇ ಅಲ್ಲವೇ? 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರದವಕ್ಕೂ, 10ರಿಂದ 15 ಮೀಟರಿನ ನಡುವಿನ ಕೆಲವಕ್ಕೂ ಅನ್ವಯಿಸುತ್ತದೆ. ಎರಡಾಳೆತ್ತರದ ಕಟ್ಟೆ ಅದರ ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಸಣ್ಣ ಕಟ್ಟೆಯೆಂದು ಬಿಡುವಂತೆಯೂ ಇಲ್ಲ. ತಾಂಡೂರಿನಿಂದ ಹೈದರಾಬಾದಿಗೆ ಹೋಗುವಾಗ ವಿಕಾರಾಬಾದಿನ ಹತ್ತಿರ ಅನಂತಗಿರಿ ಬೆಟ್ಟಗಳಿವೆ. ಮೂಸಿ ನದಿ ಹುಟ್ಟುವುದು ಅಲ್ಲಿಯೇ. 1908ರ ಸೆಪ್ಟೆಂಬರ್ 28ರಂದು ಆ ನದಿಗೆ ಬಂದ ಮಹಾಪೂರದಲ್ಲಿ ಹೈದರಾಬಾದಿನ ಸಾವಿರಾರು ಜನ ಸತ್ತರು. ಮರುವರ್ಷ ಕಾರಣ ಹುಡುಕಲು ಬಂದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ನದಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆಯ ನೀರು ಕೆಳಗಿನ ಕೆರೆಯ ಮೇಲೆ ಬಿದ್ದರೆ ಅದೂ ಒಡೆಯುತ್ತದೆ. ಹೀಗೆ ಸಣ್ಣ ಕೆರೆಗಳ ನೀರೂ ಮಳೆಯ ನೀರಿಗೆ ಸೇರಿತ್ತು.

ಇದನ್ನು ಕೇಳಿ ಮುತ್ಯಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೋಡಿಗೆ ಸಿಕ್ಕಿದ್ದ ಜಾಲಿಯ ಕೊಂಬೆಯನ್ನು ಎಳೆದು ಹಾಕಿದರು. “ಮಾಸ್ತರ, ಆ ಅಂಗನವಾಡಿ ಅಕ್ಕನ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆದುಕೊಡ್ರಿ” ಎಂದರು.