ಇಳಿಯುವ ವಿದ್ಯೆ

ಹತ್ತುವುದಕ್ಕಿಂತ ಇಳಿಯುವುದು ಕಠಿನವೆಂಬುದು ಮರವೇರಿದ ಹುಡುಗರಿಗೆಲ್ಲ ತಿಳಿದ ಮಾತು. ವಿಮಾನ ನಡೆಸಲು ಕಲಿಯುವವರಿಗೂ ಇದೇ ಕಾಠಿನ್ಯವುಂಟೆಂಬುದನ್ನು ನಾವು ಅರಿತುದು, ನಮ್ಮ ಅಕ್ಕನ ಮೊಮ್ಮಗಳು ಆ ವಿದ್ಯೆಗೆ ಸೇರಿದ ಮೇಲೆ.

ಅವಳು ಅಭ್ಯಾಸಮಾಡುತ್ತಿರುವುದು ಸೆಸ್ನಾ 172 ಎಂಬ, ನಾಲ್ವರು ಕೂರಬಹುದಾದ ಪುಟ್ಟ ವಿಮಾನದಲ್ಲಿ. 1955ರಲ್ಲಿ ಮೊದಲು ಹಾರಿದ ಈ ಜಾತಿಯ ವಿಮಾನಗಳು ನಲವತ್ತು ಸಾವಿರಕ್ಕೂ ಮಿಕ್ಕಿ ತಯಾರಾಗಿವೆ. ಇದು ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ನೆಲದತ್ತ ಬರುವುದು. ನೆಲ ಕೆಲವೇ ಅಡಿಗಳಷ್ಟು ಕೆಳಗಿರುವಾಗ ಮೂತಿಯನ್ನು ಮೆಲ್ಲನೆ ಎತ್ತಿ ವೇಗವನ್ನು ಕುಗ್ಗಿಸಬೇಕು. ಹಿಂದಿನ ಎರಡು ಚಕ್ರಗಳು ಮೊದಲು ನೆಲ ಮುಟ್ಟಿ, ಮುಂದಿನದು ಆಮೇಲೆ ಮುಟ್ಟತಕ್ಕದ್ದು. ವೇಗ ಹೆಚ್ಚಾಗಿ ಮೂತಿ ತಗ್ಗಿದ್ದರೆ, ಮುಂಚಕ್ರ ಮೊದಲು ತಗುಲಿ ವಿಮಾನವು ಚೆಂಡಿನಂತೆ ಪುಟಿಯುವುದು.

ಈ ಮೊದಲ ಪುಟಿತದಿಂದ ಸಾಮಾನ್ಯವಾಗಿ ದೊಡ್ಡ ಹಾನಿಯಾಗದು. ಆದರೆ ಬೆದರಿದ ಶಿಷ್ಯನು ವಿಮಾನವನ್ನು ನೆಲಕ್ಕೆ ಒತ್ತಿ ಕೂರಿಸಲು ಹಿಡಿಯನ್ನು ಮುಂದಕ್ಕೆ ತಳ್ಳುವನು. ಅದು ಆ ಆಜ್ಞೆಯನ್ನು ಪಾಲಿಸುವಷ್ಟರಲ್ಲಿ ತಾನಾಗಿಯೇ ಇಳಿಯತೊಡಗಿರುವುದು. ಮುಂಚಕ್ರವು ಮತ್ತಷ್ಟು ಬಲವಾಗಿ ಬಡಿದು, ವಿಮಾನ ಇನ್ನೂ ಎತ್ತರಕ್ಕೆ ನೆಗೆಯುವುದು. ಹೀಗೆ ಎರಡು ಮೂರು ಸಲವಾದರೆ ಚಕ್ರದ ಕಾಲು ಮುರಿದು, ಪ್ರೊಪೆಲ್ಲರು ನೆಲಕ್ಕೆ ಅಪ್ಪಳಿಸುವುದು. ಇಷ್ಟೆಲ್ಲ ಕೆಲವೇ ಕ್ಷಣಗಳ ಕಥೆ. ಬಹುಮಟ್ಟಿಗೆ ಪ್ರಾಣ ಉಳಿಯುವುದು. ಕಲಿಯುವವನ ಧೈರ್ಯ ಮಾತ್ರ ಯಂತ್ರದೊಡನೆ ಮುರಿದುಬೀಳಬಹುದು.

ಪರಿಹಾರವೋ ಬಲು ಸರಳ. ಎಂಜಿನ್ನಿಗೆ ಪೂರ್ಣ ಶಕ್ತಿಯನ್ನು ಕೊಟ್ಟು ಮೇಲೆದ್ದು, ಒಂದು ಸುತ್ತು ಬಂದು, ಮತ್ತೆ ಇಳಿಯುವುದು. ಇದಕ್ಕೆ ‘ಗೋ ಅರೌಂಡ್’ ಎನ್ನುವರು. ಖರ್ಚಾಗುವುದು ಕೆಲವು ನಿಮಿಷ, ಸ್ವಲ್ಪ ಇಂಧನ. ಆದರೂ ಎಳೆಯರು ಹಿಂಜರಿಯುವರು. ಕೆಳಗೆ ಗುರುಗಳೂ ಸಹಪಾಠಿಗಳೂ ನೋಡುತ್ತಿರುವರಲ್ಲ!

ಈ ಲಜ್ಜೆಯ ಪರಿಚಯ ನಮಗೆ ಚೆನ್ನಾಗಿ ಉಂಟು. ಶಬ್ದರೂಪವನ್ನೊಪ್ಪಿಸುವ ಬಾಲಕನು ದ್ವಿತೀಯಾ ವಿಭಕ್ತಿಯಲ್ಲಿ ಎಡವಿದರೂ, ನಿಲ್ಲಲು ನಾಚಿ, ಸಪ್ತಮಿಯವರೆಗೂ ತಪ್ಪುತ್ತಲೇ ಓಡುತ್ತಿದ್ದನು. “ಪ್ರಥಮೆಯಿಂದ ಹೇಳು, ಮಗು” ಎಂದರೆ ಅದನ್ನೇ ಶಿಕ್ಷೆಯೆಂದು ಬಗೆಯುತ್ತಿದ್ದನು.

ನಮ್ಮ ಹುಡುಗಿ ಒಬ್ಬಳೇ ಹಾರಿದ ಮೂರನೆಯ ದಿನ ಎರಡು ಸಲ ಪುಟಿದು, ಎರಡು ಸಲವೂ ಮೇಲೆದ್ದು, ಮೂರನೆಯ ಬಾರಿಗೆ ಸುಖವಾಗಿ ಇಳಿದಳು. ಅವಳ ತಂದೆಗೆ ಮುಖಭಂಗವಾದಂತಾಯಿತು. “ಏನು ಮಾವ, ಎರಡು ಸಲವೂ ಇಳಿಸಲಾರದೆ ಹೋದಳಲ್ಲ!” ಎಂದನು.

“ಮಗಳು ನೆಟ್ಟಗೆ ಮನೆಗೆ ಬಂದಿದ್ದಾಳಪ್ಪ. ಆ ಎರಡು ಸಲ ಮೇಲೆದ್ದುದರಿಂದಲೇ ಬಂದಿದ್ದಾಳೆ. ಇನ್ನೊಮ್ಮೆ ಈ ಮಾತನ್ನು ಅವಳ ಮುಂದೆ ಆಡಬೇಡ” ಎಂದೆವು.

ಗೃಹಸ್ಥರಾದ ವಾಚಕರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೇ. ಮಕ್ಕಳು ಕೈಗೊಂಡ ಕಾರ್ಯವನ್ನು ನಡುವೆ ಬಿಟ್ಟು ಮೊದಲಿನಿಂದ ತೊಡಗಿದರೆ ನಗಬಾರದು. ಮನೆಯವರ ನಗೆಗೆ ಅಂಜಿದವನೇ ಆಕಾಶದಲ್ಲಿ ಹಿಡಿಯನ್ನು ಮುಂದಕ್ಕೆ ತಳ್ಳುವನು.